ಸಿಮ್ ಬದಲಿಸುವ ಮುನ್ನ ಪ್ರಮಾಣ ವಿಚಾರ

ಸಂಸಾರ ಜೀವನದಲ್ಲಿ ಕೆಲವು ನಿರ್ಧಾರಗಳು ನೋಡುವುದಕ್ಕೆ ಸಣ್ಣವು, ಪರಿಣಾಮದಲ್ಲಿ ದೊಡ್ಡವು. ಮನೆಯ ಬಾವಿಗೆ ಹಗ್ಗ ತರುವುದು ಸಣ್ಣ ಕೆಲಸವೇ ಸರಿ. ಆದರೆ ಹಗ್ಗದ ಉದ್ದವು ಬಾವಿಯ ಆಳಕ್ಕೆ ತಕ್ಕಂತಿರದಿದ್ದರೆ, ಅಂಗಡಿಯಲ್ಲಿ ಉಳಿಸಿದ ಹಣದಿಂದ ಮನೆಯವರ ಬಾಯಾರಿಕೆ ತೀರುವುದಿಲ್ಲ. ಮೊಬೈಲಿನ ಕಂಪನಿಯನ್ನು ಬದಲಾಯಿಸುವ ವಿಚಾರವೂ ಇಂಥದೇ. ಮನೆಯಲ್ಲಿ ಇರುವವರೆಲ್ಲರೂ ಗಟ್ಟಿಮುಟ್ಟಾಗಿದ್ದು ಊರತುಂಬ ಓಡಾಡಿಕೊಂಡಿರುವಾಗ ಯಾವ ಸಿಮ್ ಆದರೂ ನಡೆದೀತು. ವಯಸ್ಸಾದ ತಾಯಿಯೊಬ್ಬರು ಹಳ್ಳಿಯ ಮನೆಯಲ್ಲಿ ಒಬ್ಬರೇ ಇರುವಾಗ, ಮಕ್ಕಳು ಪಟ್ಟಣಗಳಲ್ಲಿ ನೆಲೆಸಿರುವಾಗ, ಆ ಸಿಮ್ಮಿನ ಪ್ರಶ್ನೆ ಹಣದ ಲೆಕ್ಕವನ್ನು ಮೀರಿ ಪ್ರಾಣದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳ ಸ್ಥಿತಿ ಇದೇ ಆಗಿರುವುದರಿಂದ ಈ ವಿಷಯವನ್ನು ಓದುಗ ಬಂಧುಗಳ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆನಿಸಿತು.

ನಮ್ಮ ದೇಶದಲ್ಲಿ ಮೊಬೈಲ್ ದೂರವಾಣಿಯ ಮೊದಲ ಕರೆ ನಡೆದುದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಅಂದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ನಾವು ಮಾಡುವ ಕರೆಗಷ್ಟೇ ಅಲ್ಲದೆ ನಮಗೆ ಬರುವ ಕರೆಗೂ ಹಣ ತೆರಬೇಕಾಗಿತ್ತು. ಆದ್ದರಿಂದ ಮೊಬೈಲ್ ಎಂಬುದು ಸಿರಿವಂತರ ಕೈಯ ವಸ್ತುವಾಗಿಯೇ ಕೆಲವು ಕಾಲ ಉಳಿಯಿತು. ಮುಂದೆ ದರಗಳು ಇಳಿದು ಅದು ಎಲ್ಲರ ಜೇಬಿಗೆ ಬಂದಾಗ ಇನ್ನೊಂದು ತೊಡಕು ಕಾಣಿಸಿಕೊಂಡಿತು. ಕಂಪನಿಯನ್ನು ಬಿಟ್ಟರೆ ಅದು ಕೊಟ್ಟ ನಂಬರನ್ನೂ ಬಿಡಬೇಕು. ನೆಂಟರಿಷ್ಟರ ಡೈರಿಗಳಲ್ಲಿ, ಬ್ಯಾಂಕಿನ ಖಾತೆಯಲ್ಲಿ, ಮದುವೆಯ ಲಗ್ನಪತ್ರಿಕೆಗಳಲ್ಲಿ ಸೇರಿಹೋದ ನಂಬರನ್ನು ಕಳೆದುಕೊಳ್ಳುವುದೆಂದರೆ ವಿಳಾಸವನ್ನೇ ಕಳೆದುಕೊಂಡಂತೆ. ಈ ಭಯದಿಂದಲೇ ಅನೇಕರು ಸರಿಯಾಗಿ ಕೇಳಿಸದ ಕಂಪನಿಯನ್ನೂ ಸಹಿಸಿಕೊಂಡಿದ್ದರು.

ಆ ತೊಡಕು ನಿವಾರಣೆಯಾದದ್ದು ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ವ್ಯವಸ್ಥೆ ಬಂದಾಗ. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲು ಆರಂಭವಾದ ಈ ಸೌಲಭ್ಯ 2011ರ ಜನವರಿ 20ರಿಂದ ದೇಶಕ್ಕೆಲ್ಲ ವಿಸ್ತರಿಸಿತು. 2015ರ ಜುಲೈ 3ರಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವುದೂ ಸಾಧ್ಯವಾಯಿತು. ಜನರ ಬಾಯಲ್ಲಿ ಇದಕ್ಕೆ 'ಪೋರ್ಟ್ ಮಾಡಿಸುವುದು' ಎಂದೇ ಹೆಸರು. ಒಂದು ಕಾಲಕ್ಕೆ ಸ್ಪೈಸ್, ಹಚ್ ಮೊದಲಾಗಿ ಹಲವು ಹೆಸರುಗಳಿದ್ದ ಕರ್ನಾಟಕದಲ್ಲಿ ಇಂದು ಉಳಿದಿರುವ ಆಯ್ಕೆ ನಾಲ್ಕೇ: ಏರ್‌ಟೆಲ್, ಜಿಯೋ, ವಿಐ ಮತ್ತು ಸರಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್. ಆಯ್ಕೆ ಕಡಿಮೆಯಾದಷ್ಟೂ ಆರಿಸುವವನ ವಿವೇಕ ಹೆಚ್ಚಬೇಕು.

2024ರ ಜುಲೈ ತಿಂಗಳ ಮೊದಲ ವಾರದಲ್ಲಿ ಖಾಸಗಿ ಕಂಪನಿಗಳು ತಮ್ಮ ದರಗಳನ್ನು ಏರಿಸಿದವು. ಮನೆಮನೆಗಳಲ್ಲಿ ಆಗ ಮೊಬೈಲಿನ ಖರ್ಚಿನ ಮಾತು ಎದ್ದಿತು. ನಮ್ಮ ಅಕ್ಕನ ಮನೆಯಲ್ಲಿಯೂ ಎದ್ದಿತು. ಅಕ್ಕನಿಗೆ ಎಪ್ಪತ್ತಾರು ವರ್ಷ. ಕೆಳದಿ, ಇಕ್ಕೇರಿಗಳ ಸೀಮೆಯಾದ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಮಗ್ಗುಲಿನ ಹಳೆಯ ಹೆಂಚಿನ ಮನೆಯಲ್ಲಿ ಆಕೆ ಒಬ್ಬರೇ ಇದ್ದಾರೆ. ಬೆಳಗಿನ ಜಾವ ಎದ್ದು ಲಿಂಗಪೂಜೆ ಮಾಡಿ, ಹಗಲೆಲ್ಲ ತೋಟದ ಆಳುಗಳಿಗೆ ಕೆಲಸ ಹೇಳಿ, ಸಂಜೆ ಬಂದವರಿಗೆ ಪ್ರಸಾದ ಬಡಿಸುವ ಜೀವ. ಮಳೆಗಾಲದಲ್ಲಿ ಮಾತ್ರ ಉಬ್ಬಸ ಕಾಡುತ್ತದೆ. ಮಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾನೆ. ಅವನು ಬೇರೊಂದು ಕಂಪನಿಯ ಕುಟುಂಬ ಯೋಜನೆಯನ್ನು ನೋಡಿ ಬಂದಿದ್ದ. ಒಂದೇ ಬಿಲ್ಲಿನಲ್ಲಿ ಮನೆಯವರೆಲ್ಲರ ಸಿಮ್. ತಿಂಗಳಿಗೆ ಇಂತಿಷ್ಟು ಉಳಿತಾಯ. "ಮಾವಾ, ಅವ್ವ ನಿಮ್ಮ ಮಾತು ಕೇಳ್ತಾಳೆ. ನಂಬರ್ ಹಾಗೇ ಇರ್ತದೆ, ಕಂಪನಿ ಮಾತ್ರ ಬೇರೆ ಅಂತ ನೀವೇ ತಿಳಿಸಿ ಹೇಳಿ" ಎಂದು ನನಗೆ ಫೋನ್ ಮಾಡಿದ.

ಅಕ್ಕನಿಗೆ ವಿಷಯ ತಿಳಿಸಿದೆ. ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ತಮ್ಮಾ, ದುಡ್ಡು ಉಳಿದರೆ ಒಳ್ಳೇದೇ. ಆದರೆ ರಾತ್ರಿ ಉಬ್ಬಸ ಬಂದಾಗ ನಾನು ಅಂಗಳಕ್ಕೆ ಹೋಗಿ ನಿಂತು ಫೋನ್ ಮಾಡಬೇಕಾ?" ಎಂದು ಕೇಳಿದರು. ನೆಟ್‌ವರ್ಕ್ ಕುರಿತು ಕೇಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಕಂಪನಿ ದೊಡ್ಡದೋ ಚಿಕ್ಕದೋ, ದೇಶದಲ್ಲಿ ಎಷ್ಟು ಟವರುಗಳಿವೆ, ವೇಗವೆಷ್ಟು ಎಂಬ ಯಾವುದೂ ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಉತ್ತರ ಇರುವುದು ಆ ಮನೆಯಲ್ಲಿ, ಆ ಕೋಣೆಯಲ್ಲಿ, ಆ ಹೊತ್ತಿನಲ್ಲಿ.

ಮಠದ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಯಾವುದೇ ವಿಷಯ ಎದುರಾದಾಗ 'ಇದಕ್ಕೆ ಪ್ರಮಾಣವೇನು?' ಎಂದು ಕೇಳುವ ಅಭ್ಯಾಸ ಬಿಡುವುದಿಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ಪ್ರಮಾಣಗಳನ್ನು ನಾಲ್ಕಾಗಿ ಹೇಳುತ್ತಾರೆ. ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ಹೋಲಿಕೆಯಿಂದ ತಿಳಿದದ್ದು, ನಂಬತಕ್ಕವರ ಮಾತಿನಿಂದ ತಿಳಿದದ್ದು. ಮೊಬೈಲಿನ ಸಿಮ್ಮಿಗೆ ಇಷ್ಟೆಲ್ಲ ಶಾಸ್ತ್ರ ಏಕೆಂದು ಯಾರಾದರೂ ನಕ್ಕಾರು. ಆದರೆ ನಮ್ಮ ಜನ ಕಂಪನಿ ಬದಲಿಸುವಾಗ ಎಡವುವುದು ಇಲ್ಲಿಯೇ. ಶಬ್ದ ಮತ್ತು ಅನುಮಾನಗಳ ಮೇಲೆ ನಿರ್ಧಾರ ಮಾಡಿ, ಪ್ರತ್ಯಕ್ಷವನ್ನು ಪೋರ್ಟ್ ಆದಮೇಲೆ ನೋಡುತ್ತಾರೆ.

ಮೊದಲು ಶಬ್ದಪ್ರಮಾಣವನ್ನು ನೋಡೋಣ. ಆಪ್ತನ ವಾಕ್ಯ ಮಾತ್ರ ಪ್ರಮಾಣ. ವಿಷಯವನ್ನು ಇದ್ದಂತೆ ತಿಳಿದು ಇದ್ದಂತೆ ಹೇಳುವವನೇ ಆಪ್ತ. ಜಾಹೀರಾತು ಆಪ್ತವಾಕ್ಯವಾಗಲಾರದು, ಮಾರುವವನಿಗೆ ಮಾರಾಟದಲ್ಲಿ ಹಿತವಿದೆ. ಸಿಮ್ ಮಾರುವ ಅಂಗಡಿಯವನಿಗೆ ಪೋರ್ಟ್ ಮಾಡಿಸಿದರೆ ಕಮಿಷನ್ ಸಿಗುವುದುಂಟು. ಅವನ ಮಾತನ್ನೂ ಸೋಸಿಯೇ ಕುಡಿಯಬೇಕು. ಇನ್ನು ನೆರೆಹೊರೆಯವರು. ಅವರಿಗೆ ನಮ್ಮ ಹಿತವೇ ಬೇಕು, ಸುಳ್ಳು ಹೇಳುವ ಕಾರಣವಿಲ್ಲ. ಆದರೆ ಅವರು ಹೇಳುವುದು ತಮ್ಮ ಮನೆಯ ಸತ್ಯವನ್ನು. ಅವರ ಮನೆ ದಿಬ್ಬದ ಮೇಲಿದ್ದು ನಮ್ಮದು ತಗ್ಗಿನಲ್ಲಿದ್ದರೆ ಅವರ ಸತ್ಯ ನಮ್ಮ ಸತ್ಯವಾಗದು. ಹುಬ್ಬಳ್ಳಿಯ ಸ್ನೇಹಿತರ ಪ್ರಶಂಸೆ ಹುಬ್ಬಳ್ಳಿಯಲ್ಲಿ ಸತ್ಯ. ಕರ್ನಾಟಕವೆಲ್ಲವೂ ಒಂದೇ ಸೇವಾವಲಯವಾದರೂ, ಒಂದೇ ಕಂಪನಿ ಒಂದು ತಾಲ್ಲೂಕಿನಲ್ಲಿ ಸಮೃದ್ಧವಾಗಿಯೂ ಪಕ್ಕದ ಕಣಿವೆಯಲ್ಲಿ ಬಡವಾಗಿಯೂ ಇರಬಹುದು. ಈ ಕಾರಣದಿಂದಲೇ ನಮ್ಮ ಮನೆಯ ಎರಡು ಕಂಪನಿಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಹಿಂದೆ ಬಿದ್ದದ್ದು ನಿಮ್ಮ ಊರಿನಲ್ಲಿ ಮುಂದೆ ಇದ್ದೀತು.

ಎರಡನೆಯದು ಅನುಮಾನ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಹಾಗೆಯೇ ಗುಡ್ಡದ ಮೇಲೆ ಟವರ್ ಕಂಡರೆ ಸಿಗ್ನಲ್ ಇದೆಯೆಂದು ಊಹಿಸುವವರು ಬಹಳ. ಇಲ್ಲಿ ಹೇತುವಿನಲ್ಲಿಯೇ ದೋಷವಿದೆ. ಟವರ್ ಎಂಬುದು ಕಬ್ಬಿಣದ ಕಂಬ. ಅದರ ಮೇಲೆ ಒಂದೇ ಕಂಪನಿಯ ಆಂಟೆನಾ ಇರಬಹುದು, ಮೂರು ಕಂಪನಿಗಳವೂ ಇರಬಹುದು. ನಮ್ಮ ಕಂಪನಿಯದು ಇದ್ದರೂ ಅದು ಮುಖ ಮಾಡಿರುವುದು ಹೆದ್ದಾರಿಯ ಕಡೆಗೆ ಇರಬಹುದು, ನಮ್ಮ ಮನೆಯ ಕಡೆಗೆ ಇರಲಿಕ್ಕಿಲ್ಲ.

ಮೊಬೈಲಿನ ಮೇಲಿನ ಗೆರೆಗಳೂ ಇಂಥದೇ ಹೇತು. ಗೆರೆ ಎಷ್ಟು ತುಂಬಿದರೆ ಎಷ್ಟು ಬಲವೆಂಬುದಕ್ಕೆ ಎಲ್ಲ ಫೋನುಗಳಿಗೂ ಸಮಾನವಾದ ಅಳತೆಯಿಲ್ಲ. ತಯಾರಕರು ತಮತಮಗೆ ತೋರಿದಂತೆ ಇಟ್ಟಿದ್ದಾರೆ. ಮೇಲಾಗಿ ಗೆರೆ ಹೇಳುವುದು ಟವರಿನ ದನಿ ನಮಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ಆ ಟವರಿಗೆ ನಮ್ಮನ್ನು ವಿಚಾರಿಸಲು ಪುರುಸೊತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೋ ತುಮಕೂರಿನ ಸಿದ್ಧಗಂಗೆಯ ಜಾತ್ರೆಗೋ ಹೋದವರಿಗೆ ಇದು ಅನುಭವಕ್ಕೆ ಬಂದಿರಬಹುದು. ಗೆರೆಗಳೆಲ್ಲ ತುಂಬಿವೆ, ಕರೆ ಮಾತ್ರ ಹೋಗುವುದಿಲ್ಲ. ಲಕ್ಷಾಂತರ ಜನರು ಒಂದೇ ಸಲಕ್ಕೆ ಮಾತನಾಡಹೊರಟರೆ ಟವರಿನ ಶಕ್ತಿ ಸಾಲದಾಗುತ್ತದೆ. ದಾಸೋಹದ ಪಂಕ್ತಿ ಕಣ್ಣೆದುರಿಗಿದ್ದರೂ ಕುಳಿತುಕೊಳ್ಳಲು ಜಾಗವಿಲ್ಲದಂತೆ.

ಕಂಪನಿಗಳ ನಕ್ಷೆಯೂ ಅನುಮಾನದ ವರ್ಗಕ್ಕೇ ಸೇರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಾವಳಿಯ ಪ್ರಕಾರ, ಯಾವ ಪ್ರದೇಶದಲ್ಲಿ 2ಜಿ, 3ಜಿ, 4ಜಿ, 5ಜಿಗಳ ಪೈಕಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ಪ್ರತಿಯೊಂದು ಕಂಪನಿಯೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಇದು ಗ್ರಾಹಕರಿಗೆ ಬಹಳ ಉಪಕಾರವಾದ ಕ್ರಮ. ಮನೆಯ ಹುಡುಗರಿಗೆ ಹೇಳಿದರೆ ಐದು ನಿಮಿಷದಲ್ಲಿ ನಮ್ಮ ಊರನ್ನು ಹುಡುಕಿ ತೋರಿಸುತ್ತಾರೆ. ನಕ್ಷೆಯಲ್ಲಿ ನಮ್ಮ ಊರೇ ಬಣ್ಣವಿಲ್ಲದೆ ಖಾಲಿಯಿದ್ದರೆ ಆ ಕಂಪನಿಯ ಆಸೆ ಅಲ್ಲಿಗೇ ಬಿಡಬೇಕು. ಬಣ್ಣವಿದ್ದರೆ ಮಾತ್ರ ವಿಚಾರ ಮುಗಿಯಲಿಲ್ಲ, ಆರಂಭವಾಯಿತು ಎಂದು ತಿಳಿಯಬೇಕು. ನಕ್ಷೆಯು ಬಹುಮಟ್ಟಿಗೆ ಲೆಕ್ಕಹಾಕಿ ಬರೆದದ್ದು. ಅದು ಅಂಗಳದ ಮಾತನ್ನು ಹೇಳೀತು, ಒಳಕೋಣೆಯ ಮಾತನ್ನು ಹೇಳಲಾರದು.

ಅಂಗಳಕ್ಕೂ ಒಳಕೋಣೆಗೂ ಏಕೆ ಇಷ್ಟು ವ್ಯತ್ಯಾಸವೆಂಬುದನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಮೊಬೈಲಿನ ಮಾತು ಸಾಗುವುದು ರೇಡಿಯೋ ತರಂಗಗಳ ಮೇಲೆ. ಒಂದೊಂದು ಕಂಪನಿಯೂ ಹಲವು ಬಗೆಯ ತರಂಗಗಳನ್ನು ಬಳಸುತ್ತದೆ. 900 ಮೆಗಾಹರ್ಟ್ಸ್‌ನ ತರಂಗ ಸುಮಾರು 33 ಸೆಂಟಿಮೀಟರ್ ಉದ್ದವಾದರೆ 2300 ಮೆಗಾಹರ್ಟ್ಸ್‌ನದು ಸುಮಾರು 13 ಸೆಂಟಿಮೀಟರ್. 5ಜಿಗೆ ಬಳಕೆಯಾಗುವ 3300 ಮೆಗಾಹರ್ಟ್ಸ್‌ನದು ಸುಮಾರು 9 ಸೆಂಟಿಮೀಟರ್ ಮಾತ್ರ. ಉದ್ದನೆಯ ತರಂಗ ದೂರ ಸಾಗುತ್ತದೆ, ಗೋಡೆಯನ್ನೂ ಮರಗಳನ್ನೂ ಒಂದಿಷ್ಟು ಭೇದಿಸಿಕೊಂಡು ಬರುತ್ತದೆ. ಗಿಡ್ಡನೆಯ ತರಂಗ ಹೆಚ್ಚು ಸಾಮಗ್ರಿ ಹೊತ್ತು ವೇಗವಾಗಿ ಬಂದರೂ ಗೋಡೆಯ ಬಳಿ ಬೇಗ ಸೋಲುತ್ತದೆ. ಆದ್ದರಿಂದ ಅಂಗಳದಲ್ಲಿ ನಿಂತು ಸಿನಿಮಾ ನೋಡುವಷ್ಟು ವೇಗವಿರುವ ಕಂಪನಿಯೇ, ಒಂದೂವರೆ ಅಡಿ ದಪ್ಪ ಗೋಡೆಯ ಒಳಕೋಣೆಯಲ್ಲಿ ಒಂದು ಮಾತಿಗೂ ಸಿಗದಿರುವುದು ಸಾಧ್ಯ. ಮಳೆಗಾಲದಲ್ಲಿ ತೋಟದ ಒದ್ದೆ ಎಲೆಗಳೂ ತಮ್ಮ ಪಾಲಿನ ತಡೆಯನ್ನು ಒಡ್ಡುತ್ತವೆ.

ಉಪಮಾನದ ಉಪಯೋಗ ಇಲ್ಲಿಯೇ. ಹೋಲಿಸುವುದಾದರೆ ನಮ್ಮಂಥ ಮನೆಯೊಡನೆ ಹೋಲಿಸಬೇಕು. ಅದೇ ತಗ್ಗು, ಅಂಥದೇ ಗೋಡೆ, ಅದೇ ದಿಕ್ಕು, ಅಂಥದೇ ಫೋನು. ಕೊನೆಯದನ್ನು ಅನೇಕರು ಮರೆಯುತ್ತಾರೆ. ಹಿರಿಯರ ಕೈಯಲ್ಲಿರುವುದು ಎಷ್ಟೋ ಕಡೆ 2ಜಿಯ ಹಳೆಯ ಗುಂಡಿಯ ಫೋನು. 2016ರಲ್ಲಿ ಆರಂಭವಾದ ಜಿಯೋ ಕಂಪನಿಗೆ 2ಜಿ ಸೇವೆಯೇ ಇಲ್ಲದ್ದರಿಂದ ಅಂಥ ಫೋನಿನಲ್ಲಿ ಅದರ ಸಿಮ್ ನಡೆಯದು. 4ಜಿಯ ಫೋನೇ ಬೇಕು. ಇದು ಆ ಕಂಪನಿಯ ಕುಂದಲ್ಲ, ಅದರ ರಚನೆ. ತಿಳಿದು ಆರಿಸುವುದು ನಮ್ಮ ಕೆಲಸ.

ಈಗ ಪ್ರತ್ಯಕ್ಷಕ್ಕೆ ಬರೋಣ. ನಂಬರನ್ನು ಪೋರ್ಟ್ ಮಾಡಿಸುವುದಕ್ಕೆ ಮೊದಲು ಹೊಸ ಕಂಪನಿಯ ಬೇರೊಂದು ಪ್ರೀಪೇಯ್ಡ್ ಸಿಮ್ ಕೊಂಡು, ಒಂದು ತಿಂಗಳು ಅಕ್ಕನ ಫೋನಿನ ಎರಡನೆಯ ಜಾಗದಲ್ಲಿ ಹಾಕಿ ನೋಡೋಣ ಎಂದು ಅಳಿಯನಿಗೆ ಹೇಳಿದೆ. ಒಂದು ರೀಚಾರ್ಜಿನ ಖರ್ಚು ಹೆಚ್ಚಾಯಿತು, ನಿಜ. ಹೆಣ್ಣು ನೋಡದೆ ಯಾರೂ ಲಗ್ನ ಗೊತ್ತು ಮಾಡುವುದಿಲ್ಲ. ಆ ಓಡಾಟದ ಖರ್ಚನ್ನು ಯಾರೂ ನಷ್ಟವೆನ್ನುವುದಿಲ್ಲ. ಆಷಾಢದ ಮಳೆಯಲ್ಲಿಯೇ ಈ ಪರೀಕ್ಷೆ ನಡೆಯಿತು. ಬಿಸಿಲುಗಾಲದಲ್ಲಿ ನೋಡಿದ್ದರೆ ಮಲೆನಾಡಿನ ನೆಟ್‌ವರ್ಕಿನ ನಿಜರೂಪ ತಿಳಿಯುತ್ತಿರಲಿಲ್ಲ.

ಅಳಿಯನ ಮಗಳು ಕಾಲೇಜಿಗೆ ಹೋಗುವ ಹುಡುಗಿ. ಅವಳು ಅಜ್ಜಿಯ ಮನೆಗೆ ಬಂದು ನಾಲ್ಕು ದಿನ ಇದ್ದು ಹಳೆಯ ಲೆಕ್ಕದ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಳು. ಜಗಲಿ, ದೇವರ ಕೋಣೆ, ಅಡಿಗೆಮನೆ, ಮಲಗುವ ಕೋಣೆ, ಬಚ್ಚಲು, ಹಿತ್ತಿಲು, ತೋಟದ ಕೆಳಗಿನ ಕಾಲುವೆ, ಸಾಗರಕ್ಕೆ ಹೋಗುವ ದಾರಿಯ ತಿರುವು. ಬಚ್ಚಲೇಕೆಂದು ಅಳಿಯ ಕೇಳಿದ್ದಕ್ಕೆ, ವಯಸ್ಸಾದವರು ಜಾರಿ ಬೀಳುವುದು ಅಲ್ಲಿಯೇ ಹೆಚ್ಚು ಎಂದು ಆ ಹುಡುಗಿಯೇ ಉತ್ತರ ಕೊಟ್ಟಳಂತೆ. ಗೆರೆಗಳನ್ನು ನಂಬದೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಸ್ಟೇಟಸ್' ಎಂಬಲ್ಲಿ ಕಾಣುವ ಅಂಕಿಯನ್ನು ಅವಳು ಬರೆದುಕೊಂಡಳು. ಇದನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿಯ ಹಿಂದೆ ಯಾವಾಗಲೂ ಋಣ ಚಿಹ್ನೆ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. ಹತ್ತು ಹೆಚ್ಚಿದರೆ ಬಲ ಹತ್ತನೆಯ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಋಣ 80ಕ್ಕೂ ಋಣ 110ಕ್ಕೂ ಇರುವ ಅಂತರ ಸಾವಿರ ಪಟ್ಟು.

ಪುಸ್ತಕದಲ್ಲಿ ಕಂಡದ್ದು ಹೀಗಿತ್ತು. ಜಗಲಿಯಲ್ಲಿ ಹೊಸ ಕಂಪನಿ ಋಣ 84, ಹಳೆಯದು ಋಣ 95. ಅಲ್ಲಿಗೆ ಹೊಸದೇ ಮೇಲು. ಮಲಗುವ ಕೋಣೆಯಲ್ಲಿ ಹಳೆಯದು ಋಣ 104ಕ್ಕೆ ಇಳಿದರೂ ಕರೆ ನಿಂತಿತು. ಹೊಸದು ಋಣ 117ಕ್ಕೆ ಇಳಿದು ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ದೇವರ ಕೋಣೆಯಲ್ಲಿ ಹೊಸದಕ್ಕೆ ಸಿಗ್ನಲ್ಲೇ ಇರಲಿಲ್ಲ. ಅಂಗಡಿಯವನು ಹೇಳಿದ್ದೂ ನಕ್ಷೆ ತೋರಿಸಿದ್ದೂ ಸುಳ್ಳಲ್ಲ. ಜಗಲಿಯವರೆಗೆ ಎರಡೂ ನಿಜವೇ. ಆದರೆ ಅಕ್ಕ ಮಲಗುವುದು ಜಗಲಿಯಲ್ಲಿ ಅಲ್ಲ.

ಕರೆ ಮಾಡಿ ನೋಡುವಂತೆಯೇ ಕರೆ ಬರುತ್ತದೆಯೇ ಎಂದೂ ನೋಡಬೇಕು. ಮಗ ಬೆಳಿಗ್ಗೆ ಫೋನ್ ಮಾಡಿದಾಗ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂಬ ಮಾತು ಕೇಳಿದರೆ ಅವನ ಆ ದಿನವೆಲ್ಲ ಕಳವಳದಲ್ಲಿ ಹೋಗುತ್ತದೆ. ಬ್ಯಾಂಕಿನ ಒಟಿಪಿ ಸಂದೇಶ ಸಮಯಕ್ಕೆ ಬರುತ್ತದೆಯೇ ಎಂಬುದನ್ನೂ ನೋಡಬೇಕು. ಸಂಜೆ ಏಳೆಂಟರ ಹೊತ್ತಿಗೆ ಎಲ್ಲರೂ ಫೋನ್ ಹಿಡಿದಾಗ ಹೇಗೆಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕರೆಂಟು ಹೋದಾಗ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಬೇಕು. ಟವರಿಗೂ ವಿದ್ಯುತ್ತೇ ಆಹಾರ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ತೀರಿದರೆ ಡೀಸೆಲ್ ಜನರೇಟರ್. ಜನರೇಟರಿಲ್ಲದ ಕಡೆ, ಅಥವಾ ಡೀಸೆಲ್ ಹಾಕಲು ಜನ ಬಾರದ ಕಡೆ, ಕೆಲವು ಗಂಟೆಗಳಲ್ಲಿ ಟವರ್ ಮೌನ ತಾಳುತ್ತದೆ. ಮಲೆನಾಡಿನಲ್ಲಿ ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟಿಲ್ಲದಿರುವುದು ಮಳೆಗಾಲದ ನಿತ್ಯವಿಧಿ. ಫೋನ್ ಅತ್ಯಂತ ಅಗತ್ಯವಾಗುವುದೂ ಆಗಲೇ.

ಪರೀಕ್ಷೆಯ ನಡುವಿನಲ್ಲಿಯೇ ಅಂಥದೊಂದು ರಾತ್ರಿ ಬಂತು. ಮಧ್ಯಾಹ್ನ ಹೋದ ಕರೆಂಟು ಬಂದಿರಲಿಲ್ಲ. ಮೊಮ್ಮಗಳು ಆ ವೇಳೆಗೆ ಹುಬ್ಬಳ್ಳಿಗೆ ಹಿಂತಿರುಗಿದ್ದಳು. ಬೆಳಗಿನ ಜಾವಕ್ಕೆ ಮುಂಚೆ ಅಕ್ಕನಿಗೆ ಉಬ್ಬಸ ಜೋರಾಯಿತು. ಎದ್ದು ಹೊಸಿಲು ದಾಟುವ ಶಕ್ತಿ ಇರಲಿಲ್ಲವೆಂದು ಆಮೇಲೆ ಹೇಳಿದರು. ಹಾಸಿಗೆಯ ಮೇಲೆಯೇ ಕುಳಿತು ತೋಟದಾಚೆಯ ಮನೆಗೆ ಫೋನ್ ಮಾಡಿದರು. ಹೊಸ ಸಿಮ್ಮಿನ ಗೆರೆಗಳು ಆಗ ಖಾಲಿ. ಕರೆ ಹೋದದ್ದು ಹಳೆಯದರಿಂದ. ಆ ಮನೆಯ ಹುಡುಗ ಜೀಪು ತಂದು ಸಾಗರದ ಆಸ್ಪತ್ರೆಗೆ ಕರೆದೊಯ್ದ. ಮರುದಿನ ಸಂಜೆಯ ಹೊತ್ತಿಗೆ ಹಳೆಯ ಕಂಪನಿಯೂ ನಿಂತುಹೋಯಿತು ಎಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಯಾವ ಟವರೂ ಶಾಶ್ವತವಲ್ಲ. ಒಂದು ಒಂದಕ್ಕಿಂತ ಕೆಲವು ಗಂಟೆ ಹೆಚ್ಚು ಎಚ್ಚರವಿರುತ್ತದೆ, ಅಷ್ಟೇ. ಆ ಕೆಲವು ಗಂಟೆಗಳು ಯಾವುವು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಅಳಿಯನ ವಾದದಲ್ಲಿಯೂ ನ್ಯಾಯವಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ತಿಂಗಳ ಸಂಬಳದಲ್ಲಿ ಮಕ್ಕಳ ಓದು, ಮನೆಯ ಸಾಲ ಎಲ್ಲವನ್ನೂ ತೂಗಿಸುವವನಿಗೆ ನೂರು ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ. ಮಿತವ್ಯಯ ನಮ್ಮ ಹಿರಿಯರು ಕಲಿಸಿದ ಧರ್ಮವೇ. ಹುಬ್ಬಳ್ಳಿಯ ಅವನ ಮನೆಯಲ್ಲಿ ಹೊಸ ಕಂಪನಿ ನಿಸ್ಸಂದೇಹವಾಗಿ ಉತ್ತಮವಾಗಿತ್ತು. ಆದ್ದರಿಂದ ತನ್ನದು, ಹೆಂಡತಿಯದು, ಮಗಳದು ಮೂರು ನಂಬರುಗಳನ್ನು ಅವನು ಪೋರ್ಟ್ ಮಾಡಿಸಿದ. ಆ ಉಳಿತಾಯ ಅವನಿಗೆ ದಕ್ಕಿತು. ಅಕ್ಕನ ನಂಬರ್ ಹಳೆಯ ಕಂಪನಿಯಲ್ಲೇ ಉಳಿಯಿತು. ಪರೀಕ್ಷೆಗೆಂದು ತಂದ ಸಿಮ್ಮನ್ನೂ ಎಸೆಯಲಿಲ್ಲ. ಅದು ಎರಡನೆಯ ಜಾಗದಲ್ಲಿಯೇ ಇದೆ. ಒಂದು ಮಲಗಿದಾಗ ಇನ್ನೊಂದು ಎಚ್ಚರವಿರಲೆಂದು ಹಿರಿಯರ ಫೋನಿನಲ್ಲಿ ಎರಡು ಬೇರೆ ಕಂಪನಿಗಳ ಸಿಮ್ ಇರಿಸುವುದು ಜಾಣತನ. ಒಂದೇ ಮನೆಯವರೆಲ್ಲ ಒಂದೇ ಕಂಪನಿಯಲ್ಲಿ ಇರಬೇಕೆಂಬ ನಿಯಮವೇನೂ ಇಲ್ಲ. ಬೇರೆ ಬೇರೆ ಇದ್ದರೆ ಒಬ್ಬರಿಗಾದರೂ ಸಿಗ್ನಲ್ ಇದ್ದೀತು. ಮಾತಿಗಷ್ಟೇ ಫೋನ್ ಬಳಸುವ ಹಿರಿಯರಿಗೆ ಇಂಟರ್‌ನೆಟ್ಟಿನ ಹಣ ಕೊಡುವ ಅಗತ್ಯವೂ ಇಲ್ಲ. ಕರೆ ಮತ್ತು ಸಂದೇಶಗಳಿಗೆ ಮಾತ್ರ ಸೀಮಿತವಾದ ರೀಚಾರ್ಜುಗಳನ್ನು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಬಳಸದೆ 90 ದಿನ ಬಿಟ್ಟ ನಂಬರ್ ರದ್ದಾಗುವ ಸಂಭವವಿರುವುದರಿಂದ ಎರಡನೆಯ ಸಿಮ್ಮಿನಿಂದಲೂ ಆಗಾಗ ಒಂದು ಕರೆ ಮಾಡುತ್ತಿರಬೇಕು.

ಎಲ್ಲವನ್ನೂ ಪರೀಕ್ಷಿಸಿ ಬದಲಿಸುವುದೇ ಒಳಿತೆಂದು ಕಂಡವರಿಗೆ ವಿಧಾನ ಸರಳವಾಗಿದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು, ತಮ್ಮ ಹತ್ತು ಅಂಕಿಯ ನಂಬರ್ ಬರೆದು 1900ಕ್ಕೆ ಸಂದೇಶ ಕಳಿಸಬೇಕು. ಎಂಟು ಅಕ್ಷರಗಳ ಒಂದು ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯುಷ್ಯ ನಾಲ್ಕು ದಿನ. ಅಷ್ಟರೊಳಗೆ ಆಧಾರ್ ಮೊದಲಾದ ಗುರುತಿನ ದಾಖಲೆಯೊಡನೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ರಾಜ್ಯದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಹಳೆಯ ಪ್ರೀಪೇಯ್ಡ್ ಸಿಮ್ಮಿನಲ್ಲಿ ಉಳಿದ ಹಣ ಹೊಸದಕ್ಕೆ ಬರುವುದಿಲ್ಲ. ಆದ್ದರಿಂದ ರೀಚಾರ್ಜಿನ ಅವಧಿ ಮುಗಿಯುವ ಹೊತ್ತಿಗೆ ಹೊರಡುವುದು ಲೇಸು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ಲನ್ನು ತೀರಿಸಿರಬೇಕು. ಎಷ್ಟೋ ಮನೆಗಳಲ್ಲಿ ತಾಯಿಯ ಕೈಯಲ್ಲಿರುವ ನಂಬರ್ ಲಿಂಗೈಕ್ಯರಾದ ತಂದೆಯ ಹೆಸರಿನಲ್ಲಿಯೇ ಉಳಿದಿರುತ್ತದೆ. ಅದನ್ನು ಮೊದಲು ತಾಯಿಯ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಿಮ್ ಕೆಟ್ಟು ಬದಲಿಸಿದ್ದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಏಳು ದಿನ ಕಳೆಯುವವರೆಗೆ ಸಂಕೇತ ಸಿಗುವುದಿಲ್ಲ. ಇದು ಮೋಸಗಾರರಿಂದ ನಮ್ಮನ್ನು ಕಾಯುವುದಕ್ಕಾಗಿ.

ಈ ವಿವರಗಳಲ್ಲಿ ಒಂದನ್ನು ಮಾತ್ರ ವಿಶೇಷವಾಗಿ ನೆನಪಿಡಬೇಕು. ಒಂದು ಕಂಪನಿಗೆ ಬಂದ ಮೇಲೆ 90 ದಿನ ಕಳೆಯದೆ ಇನ್ನೊಂದಕ್ಕೆ ಹೋಗಲು ಬಿಡುವುದಿಲ್ಲ. ಆಷಾಢದಲ್ಲಿ ಪೋರ್ಟ್ ಮಾಡಿಸಿ, ಒಳಕೋಣೆಯಲ್ಲಿ ಸಿಗ್ನಲ್ ಇಲ್ಲವೆಂದು ಆಮೇಲೆ ತಿಳಿದರೆ, ಮಳೆಗಾಲವೆಲ್ಲ ಅಂಗಳದಲ್ಲಿಯೇ ನಿಂತು ಮಾತನಾಡಬೇಕು. ಒಂದು ತಿಂಗಳ ಪರೀಕ್ಷೆ ಏಕೆ ಬೇಕೆಂಬುದಕ್ಕೆ ಇದೊಂದೇ ಕಾರಣ ಸಾಕು.

ನಾಲ್ಕೂ ಕಂಪನಿಗಳನ್ನು ನೋಡಿದರೂ ಒಂದೂ ಸಿಗದ ಊರುಗಳು ನಮ್ಮ ನಾಡಿನಲ್ಲಿವೆ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸುರಿವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಅಂಥ ಕಡೆ ಆಯ್ಕೆಯ ಮಾತು ವ್ಯರ್ಥ. ಅಲ್ಲಿ ಬೇಕಾದದ್ದು ಸಾಮೂಹಿಕ ಒತ್ತಾಯ. ಸರಕಾರದ ಡಿಜಿಟಲ್ ಭಾರತ್ ನಿಧಿಯ ಹಣದಿಂದ ನಿಂತ ಟವರುಗಳನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳ ಗ್ರಾಹಕರು ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆತಿದೆ. ಗ್ರಾಮಸಭೆಯಲ್ಲಿ ಊರವರೆಲ್ಲ ಒಂದಾಗಿ, ಯಾವ ಕೇರಿಯಲ್ಲಿ ಯಾವ ಕಂಪನಿ ಸಿಗುತ್ತದೆ, ಎಲ್ಲಿ ಯಾವುದೂ ಸಿಗುವುದಿಲ್ಲ ಎಂದು ಬರೆದು ಮನವಿ ಕೊಟ್ಟರೆ ಅದಕ್ಕೊಂದು ತೂಕ ಬರುತ್ತದೆ. ಮೊಮ್ಮಗಳ ಲೆಕ್ಕದ ಪುಸ್ತಕದಂಥ ಪುಸ್ತಕ ಪ್ರತಿ ಊರಿನಲ್ಲಿಯೂ ಒಂದಿದ್ದರೆ ನೆರೆಹೊರೆಯ ಎಲ್ಲರಿಗೂ ಅದು ದಾರಿ ತೋರುತ್ತದೆ. ತಿಳಿದದ್ದನ್ನು ಹಂಚಿಕೊಳ್ಳುವುದೂ ದಾಸೋಹವೇ.

ಪಟ್ಟಣಗಳಲ್ಲಿರುವ ಮಕ್ಕಳಿಗೆ ಕಡೆಯದಾಗಿ ಒಂದು ಮಾತು. ತಂದೆತಾಯಿಗಳ ಫೋನಿನ ಖರ್ಚನ್ನು ನೀವು ಕೊಡುತ್ತಿರಬಹುದು. ಕಂಪನಿಯನ್ನು ಆರಿಸುವ ಹಕ್ಕು ಅದರಿಂದ ನಿಮ್ಮದಾಗುವುದಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅವರು ಮಲಗುವ ಜಾಗದಲ್ಲಿ ಕುಳಿತು, ದೀಪ ಆರಿಸಿ, ಅವರದೇ ಫೋನಿನಿಂದ ಒಂದು ಕರೆ ಮಾಡಿ ನೋಡಿ. ಆ ಕರೆ ಹೋದರೆ ನಿಶ್ಚಿಂತೆಯಿಂದ ಉಳಿತಾಯದ ಲೆಕ್ಕ ಹಾಕಿ. ಹೋಗದಿದ್ದರೆ ಮೊದಲು ಅದಕ್ಕೊಂದು ದಾರಿ ಮಾಡಿ.